ನಮ್ಮ ಟೆಸ್ಟ್ ಹಸಿರು, ಅವನ ಆ್ಯಪ್ ಕೆಂಪು

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ಸೇರಿ ಕನ್ನಡ ಪದಗಳ ಅಕ್ಷರ ಎಣಿಸೋ ಒಂದು ಸಣ್ಣ ಪೈಥಾನ್ ಲೈಬ್ರರಿ ಬರೆದು ಓಪನ್ ಸೋರ್ಸ್ ಮಾಡಿದ್ವಿ. ‘ಕರ್ನಾಟಕ’ ನಮಗೆ 4 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ಈ ವ್ಯತ್ಯಾಸ ಸರಿದೂಗಿಸೋದೇ ಅದರ ಕೆಲಸ. ಜೂನಿಯರ್ ಒಬ್ಬ ಅದನ್ನ ತನ್ನ ಪದಬಂಧದ ಆ್ಯಪ್‌ಗೆ ಬಳಸಿಕೊಂಡ.

ಆಮೇಲೆ ಕೋಡ್ ಚೊಕ್ಕ ಮಾಡೋಣ ಅಂತ, ಪದದ ನಡುವೆ ಇರೋ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಸಂಕೇತವನ್ನ ಎಣಿಸೋ ಮೊದಲೇ ಅಳಿಸಿಬಿಟ್ವಿ. ನಮ್ಮ 40 ಟೆಸ್ಟ್‌ಗಳೂ ಪಾಸ್. ಆದರೆ ಅವನ ಡೆಮೊ ದಿನ ‘ಸಾಫ್ಟ್‌ವೇರ್’ ಪದಕ್ಕೆ 4 ಮನೆ ಬದಲು 3 ಮನೆ ಬಂತು! ಆ ಸಂಕೇತ ಹೋದ ಮೇಲೆ ‘ಫ್ಟ್’ ಮತ್ತು ‘ವೇ’ ಒಂದೇ ಅಕ್ಷರವಾಗಿ ಅಂಟಿಕೊಂಡಿದ್ವು. ಎಕ್ಸಾಮಿನರ್ ಎದುರು ತಲೆ ತಗ್ಗಿಸಿದವನು ಅವನು, ತಪ್ಪು ನಮ್ಮದು.

ನಮ್ಮ ಟೆಸ್ಟ್‌ನಲ್ಲಿ ಇದ್ದದ್ದು ನಮಗೆ ಹೊಳೆದ ಪದಗಳು ಮಾತ್ರ. ಲೈಬ್ರರಿಯನ್ನ ನಿಜವಾಗಿ ಹೇಗೆ ಬಳಸ್ತಾರೆ ಅನ್ನೋದು ಬಳಸುವವರ ಕೋಡ್‌ನಲ್ಲಿ ಇರುತ್ತೆ. ಹಾಗಾಗಿ ನನ್ನ ವಾದ ಇಷ್ಟೆ: ರಿಲೀಸ್‌ಗೆ ಮೊದಲು ಅವರ ಟೆಸ್ಟ್‌ಗಳನ್ನೂ ನಾವೇ ಓಡಿಸಿ ನೋಡಬೇಕು.

ಇದು ಹೊಸದೇನಲ್ಲ. ರಸ್ಟ್ ಭಾಷೆಯವರ ಹತ್ತಿರ ಕ್ರೇಟರ್ ಅನ್ನೋ ಟೂಲ್ ಇದೆ. ಜನ ಬರೆದು ಹಂಚಿದ ಸಾವಿರಾರು ಲೈಬ್ರರಿಗಳನ್ನ ಅದು ಹಳೇ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಬಿಲ್ಡ್ ಮಾಡಿ ಹೋಲಿಸುತ್ತೆ. ಮೊದಲೇ ಕೆಟ್ಟಿದ್ದು ಯಾವುದು, ನಾವು ಕೆಡಿಸಿದ್ದು ಯಾವುದು ಅಂತ ಆಗ ಗೊತ್ತಾಗುತ್ತೆ.

ಆದರೆ ಟೂಲ್ ಹೇಳಿದ್ರೆ ಸಾಲದು, ನಾವು ಕಿವಿಗೊಡಬೇಕು. 2024ರ ಜುಲೈನಲ್ಲಿ ರಸ್ಟ್ 1.80 ಬಂದಾಗ, ತುಂಬಾ ಜನ ಬಳಸೋ ‘ಟೈಮ್’ ಲೈಬ್ರರಿಯ ಹಳೇ ಆವೃತ್ತಿಗಳು ಕಂಪೈಲ್ ಆಗೋದೇ ನಿಂತವು. ಕ್ರೇಟರ್ ಇದನ್ನ ಮೊದಲೇ ತೋರಿಸಿತ್ತು. ಸರಿಪಡಿಸಿದ ಆವೃತ್ತಿಯೂ ಅಷ್ಟರಲ್ಲಿ ಬಂದಿತ್ತು. ಆದರೂ ಹಳೇದನ್ನೇ ನೆಚ್ಚಿಕೊಂಡಿದ್ದ ಪ್ರಾಜೆಕ್ಟ್‌ಗಳು ಪೆಟ್ಟು ತಿಂದವು.

‘ಊರವರ ಕೋಡ್ ಕೆಟ್ಟರೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು?’ ಅಂತ ನಮ್ಮ ಟೀಮ್‌ನಲ್ಲೇ ಒಬ್ಬ ಕೇಳಿದ. ಪ್ರಶ್ನೆ ತಪ್ಪಲ್ಲ. ಅವರ ಟೆಸ್ಟ್ ಕೆಲವೊಮ್ಮೆ ಸುಮ್ಮಸುಮ್ಮನೆ ಫೇಲ್ ಆಗುತ್ತೆ, ಗೊತ್ತಿಲ್ಲದವರ ಕೋಡ್ ಓಡಿಸೋದೂ ಅಪಾಯ. ಅದಕ್ಕೇ ಕಂಟೇನರ್ ಒಳಗೆ, ಪಾಸ್‌ವರ್ಡ್ ಟೋಕನ್ ಏನೂ ಕೊಡದೆ ಓಡಿಸಿ. ಅವರ ಕೋಡ್‌ನ ಒಂದು ನಿಗದಿತ ಆವೃತ್ತಿ ಹಿಡ್ಕೊಳ್ಳಿ. ಅವರ ಟೆಸ್ಟ್ ಫೇಲ್ ಆದ್ರೆ ರಿಲೀಸ್ ನಿಲ್ಲಲೇಬೇಕು ಅಂತಿಲ್ಲ, ಆದರೆ ಅವರಿಗೆ ಮೊದಲೇ ಒಂದು ಮಾತು ಹೇಳಿ.

ಈಗ ನಮ್ಮ ಲೈಬ್ರರಿಯಲ್ಲಿ ಪ್ರತಿ ಬದಲಾವಣೆಗೂ ಆ ಜೂನಿಯರ್‌ನ ಪದಬಂಧದ ಟೆಸ್ಟ್‌ಗಳೂ ಓಡ್ತವೆ. ಮೊದಲನೇ ಟೆಸ್ಟ್ ಬರೆದವನು ಅವನೇ. ಪದ ಯಾವುದು ಅಂತ ಬೇರೆ ಹೇಳಬೇಕಾ?