ಪಾಠವಿಲ್ಲದ ಮೇಲೆ ಫೀಜು ಏತಕ್ಕೆ?



ಹಗಲೆಲ್ಲ ಒಲೆಯ ಮುಂದೆ ಬೆಂದು ಸಂಜೆ ಪುಸ್ತಕ ಹಿಡಿದವರು ನಾವು. ಪೆರಂಬೂರಿನಲ್ಲಿ ಕಾಲೇಜೆಂದು ಬೋರ್ಡು ಹಾಕಿಕೊಂಡ, ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಸಂಸ್ಥೆಯೊಂದು ವಾರಕ್ಕೆ ಐದು ದಿನ ಪಾಠವೆಂದು ಹೇಳಿ ವರ್ಷದ ಹಣವನ್ನೆಲ್ಲ ಮುಂಗಡವಾಗಿ ಪಡೆಯಿತು. ನಡೆದದ್ದು ಎರಡೇ ದಿನ. ಕಂಪ್ಯೂಟರ್ ಒಂದಕ್ಕೆ ಎಂಟು ಜನ. ಹಣ ಕೇಳಿದರೆ ರಸೀದಿಯ ಕೆಳಗಿನ ಸಾಲಿಗೆ ಬೆರಳು: ಕಟ್ಟಿದ ಹಣ ಮರಳಿಸಲಾಗದು!

ಹಳಸಿದ ಸಾಂಬಾರು ಬಡಿಸಿ ಪೂರಾ ಬಿಲ್ಲು ಕೇಳಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ವಿದ್ಯೆಯ ಅಂಗಡಿಗೆ ಮಾತ್ರ ಬೇರೆ ನ್ಯಾಯವೇ?

ಇಲ್ಲ. ಕೊರತೆಯ ಸೇವೆಯನ್ನು ನಿಲ್ಲಿಸಿ ಹಣ ಮರಳಿಸಲು ಒಪ್ಪದಿರುವುದು, ರಸೀದಿಯಲ್ಲಿ ಗಡುವಿಲ್ಲದಿದ್ದರೆ 30 ದಿನಗಳೊಳಗೆ ಕೊಡದಿರುವುದು, ಅನ್ಯಾಯದ ವ್ಯಾಪಾರವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸಾರುತ್ತದೆ. ಕೋಚಿಂಗ್ ತರಗತಿಗಳು ಗ್ರಾಹಕ ಕಾಯಿದೆಗೆ ಒಳಪಡುತ್ತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿತು. ಮಾನ್ಯತೆ ಪಡೆದ ಕಾಲೇಜುಗಳನ್ನು ಮಾತ್ರ ಅದೇ ತೀರ್ಪು ಹೊರಗಿಟ್ಟಿತು. ಅದು ಸರಿಯಲ್ಲವೆಂದೇ ನಮ್ಮ ಮತ.

ಆದ್ದರಿಂದ ರಸೀದಿ, ಜಾಹೀರಾತು, ಪಾಠ ನಡೆದ ದಿನಗಳ ಲೆಕ್ಕ ಜೋಪಾನವಾಗಿಡಿ. ಮೊದಲು ಲಿಖಿತ ನೋಟೀಸು ಕೊಡಿ. 1915ಕ್ಕೆ ಫೋನು ಮಾಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಿ. 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಅನುಮತಿ ಪಡೆದು ಹಲವರು ಒಟ್ಟಾಗಿಯೂ ದೂರಬಹುದು.

ಒಬ್ಬೊಬ್ಬರೇ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪೆರಂಬೂರಿನ ಗಿರಣಿ ಕಾರ್ಮಿಕರು 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ್ದು ಇದನ್ನರಿತೇ. ನಾವು ಬೇಡುವುದು ಭಿಕ್ಷೆಯಲ್ಲ, ನಮ್ಮ ಬೆವರಿನ ಹಣ. ಕೂಡಿ ಕೇಳೋಣ!