ಎಕೋ ವರದಿಯೊಂದೇ ರೋಗನಿರ್ಣಯವಲ್ಲ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ ರೋಗದ ಕೋಡ್ ಹಾಕುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟು: ಎಕೋ (ಹೃದಯದ ಸ್ಕ್ಯಾನ್) ವರದಿ ನೋಡಿ ನೀವೇ ರೋಗ ತೀರ್ಮಾನಿಸಬೇಡಿ.

ಮಂಡಿ ಶಸ್ತ್ರಚಿಕಿತ್ಸೆಗೆ ದಾಖಲಾದ ವೃದ್ಧೆಯೊಬ್ಬರ ಚಾರ್ಟ್ ಎಂದುಕೊಳ್ಳಿ. ಎಕೋದಲ್ಲಿ ಎಜೆಕ್ಷನ್ ಫ್ರಾಕ್ಷನ್ ಶೇ 60, ಜೊತೆಗೆ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’. ಅಂದರೆ ಹೃದಯ ರಕ್ತವನ್ನು ಚೆನ್ನಾಗಿಯೇ ಒತ್ತುತ್ತಿದೆ, ಸಡಿಲಗೊಳ್ಳುವುದು ಮಾತ್ರ ತುಸು ನಿಧಾನ. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಇದು ಸಾಮಾನ್ಯ. ಏದುಸಿರಿಲ್ಲ, ಕಾಲು ಊತವಿಲ್ಲ. ಡಾಕ್ಟರ್ ಹೃದಯ ವೈಫಲ್ಯದ ಮಾತೇ ಎತ್ತಿಲ್ಲ. ಅವಸರದಲ್ಲಿ ಡಯಾಸ್ಟಾಲಿಕ್ ಹೃದಯ ವೈಫಲ್ಯದ ಕೋಡ್ ಐ50.30 ಹಾಕಿದರೆ ಆಕೆಯ ದಾಖಲೆಯಲ್ಲಿ ಇಲ್ಲದ ಹೃದಯ ವೈಫಲ್ಯ ಸೇರಿಕೊಳ್ಳುತ್ತದೆ. ಮುಂದೆ ನೋಡುವ ವೈದ್ಯರೂ ಅದನ್ನೇ ನಂಬಬಹುದು.

ಇದರಲ್ಲಿ ದುಡ್ಡಿನ ಸೆಳೆತವೂ ಇದೆ. ಅಲ್ಲಿನ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯಲ್ಲಿ ಹೃದಯ ವೈಫಲ್ಯದ ಕೋಡ್ ಇದ್ದರೆ ವಿಮಾ ಕಂಪನಿಗೆ ಸರ್ಕಾರ ಕೊಡುವ ಹಣ ಹೆಚ್ಚುತ್ತದೆ. ಆದರೆ ನಿಯಮ ಬಿಗಿಯಾಗಿದೆ. 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗ-ಕೋಡ್ ಪದ್ಧತಿಯ ನಿಯಮಗಳ ಪ್ರಕಾರ, ದಾಖಲಾದ ರೋಗಿಯ ಪರೀಕ್ಷೆಯಲ್ಲಿ ಕಂಡ ಏರುಪೇರಿಗೆ ಮಹತ್ವವಿದೆಯೆಂದು ವೈದ್ಯರು ಹೇಳದೆ ಅದಕ್ಕೆ ಕೋಡ್ ಹಾಕುವಂತಿಲ್ಲ. ಆ ಏರುಪೇರಿಗಾಗಿ ಮತ್ತೆ ಪರೀಕ್ಷೆ ಮಾಡಿಸಿದ್ದರೆ, ಚಿಕಿತ್ಸೆ ಕೊಟ್ಟಿದ್ದರೆ ಅವರಿಗೆ ಕ್ವೆರಿ ಕಳಿಸಿ ಕೇಳಬೇಕು.

ತದ್ವಿರುದ್ಧವೂ ಆಗುತ್ತದೆ. ಎಜೆಕ್ಷನ್ ಫ್ರಾಕ್ಷನ್ ಶೇ 30ಕ್ಕೆ ಕುಸಿದಿರುತ್ತದೆ, ನೀರು ಹೊರಹಾಕುವ ಮಾತ್ರೆ ನಡೆಯುತ್ತಿರುತ್ತದೆ. ಡಾಕ್ಟರ್ ಬರೆದಿರುವುದು ಬರೀ ‘ಹಾರ್ಟ್ ಫೇಲ್ಯೂರ್’. ಆಗ ನಮಗೆ ಸಿಗುವುದು ಬಗೆ ತಿಳಿಸದ ಹೃದಯ ವೈಫಲ್ಯದ ಕೋಡ್ ಐ50.9 ಮಾತ್ರ. ‘ಕ್ರಾನಿಕ್ ಸಿಸ್ಟಾಲಿಕ್’ ಎಂದು ಸೇರಿಸಿದ್ದರೆ ಐ50.22 ಆಗುತ್ತಿತ್ತು, ರೋಗಿಯ ನಿಜಸ್ಥಿತಿ ದಾಖಲೆಗೆ ಬರುತ್ತಿತ್ತು. ಅಂಕಿ ಕಣ್ಣೆದುರಿಗಿದ್ದರೂ ಆ ಎರಡು ಪದ ನಾವೇ ಸೇರಿಸುವಂತಿಲ್ಲ.

ಕಂಪನಿಗಳು ಕೋಡರ್‌ಗಳನ್ನು ಅಳೆಯುವುದು ಹೆಚ್ಚಾಗಿ ಗಂಟೆಗೆ ಎಷ್ಟು ಚಾರ್ಟ್ ಮುಗಿಯಿತು ಎಂಬುದರಿಂದ. ಕ್ವೆರಿ ಬರೆದರೆ ಆ ಲೆಕ್ಕ ಕುಸಿಯುತ್ತದೆ, ಬರೆದವರು ನಿಧಾನದವರು ಎನಿಸಿಕೊಳ್ಳುತ್ತಾರೆ. ಇದು ತಪ್ಪು. ಸರಿಯಾದ ಕ್ವೆರಿಯನ್ನೂ ಮುಗಿಸಿದ ಕೆಲಸವೆಂದೇ ಎಣಿಸಬೇಕು. ಈಗ ತಂತ್ರಾಂಶಗಳೇ ಕೋಡ್ ಸೂಚಿಸುತ್ತಿರುವಾಗ ಇದು ಇನ್ನೂ ಅಗತ್ಯ. ಸೂಚನೆಗೆ ಒಪ್ಪಿಗೆ ಒತ್ತುವ ಮೊದಲು ಡಾಕ್ಟರ್ ಬರೆದಿರುವುದನ್ನು ಪೂರ್ತಿ ಓದುವಷ್ಟು ಸಮಯವನ್ನು ಕೋಡರ್‌ಗೆ ಕೊಡಲೇಬೇಕು.