ಗಾಡಿ ನಿಲ್ಲಿಸುವ ಜಾಗಕ್ಕೆ ಬಾಡಿಗೆ ಬೇಡವೆ?

ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಕೆಲವು ವಿದ್ಯುತ್ ರೋಧಕಗಳು ಬೇಕಾಗಿದ್ದುವು. ಇಂತಹ ಸಾಮಾನುಗಳಿಗೆ ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳು ಹೆಸರಾದುವು. ಒಂದು ಶನಿವಾರ ಸ್ನೇಹಿತರೊಬ್ಬರ ಕಾರಿನಲ್ಲಿ ಅಲ್ಲಿಗೆ ಹೋದೆವು. ಕೊಳ್ಳುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಕಾರನ್ನು ನಿಲ್ಲಿಸಲು ಜಾಗ ಹುಡುಕುವ ಕೆಲಸಕ್ಕೆ ಮಾತ್ರ ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಹಿಂದೆ ಮುಂದೆ ಹೊಗೆಯುಗುಳುತ್ತಿದ್ದ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ನಮ್ಮಂತೆಯೇ ಎಲ್ಲಿಗೂ ಹೋಗದೆ, ಸುಮ್ಮನೆ ಸುತ್ತುತ್ತಿದ್ದುವು.

ಇಂತಹ ಸಂದರ್ಭದಲ್ಲಿ ಎಲ್ಲರ ಬಾಯಲ್ಲಿಯೂ ಬರುವ ಮಾತು ಒಂದೇ: “ಜಾಗ ಸಾಲದು, ಇನ್ನಷ್ಟು ಜಾಗ ಮಾಡಿಕೊಡಬೇಕು.” ಈ ಮಾತನ್ನು ನಾವು ಒಪ್ಪಲಾರೆವು. ಕೊರತೆಯಾಗಿರುವುದು ಜಾಗಕ್ಕಿಂತ ಹೆಚ್ಚಾಗಿ ಜಾಗದ ಬೆಲೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರವಾಗಿ ಒಂದು ಸುಲಭವಾದ ಲೆಕ್ಕವನ್ನು ನೋಡೋಣ.

ಬೀದಿಯ ಅಂಚಿನಲ್ಲಿ ಗಾಡಿ ನಿಲ್ಲಿಸುವ ಜಾಗಗಳು ಸಾಲಾಗಿವೆ. ಒಂದೊಂದರ ಉದ್ದ 6 ಮೀಟರು. ಖಾಲಿ ಜಾಗಗಳು ಯಾವ ಕ್ರಮವೂ ಇಲ್ಲದೆ ಅಲ್ಲಲ್ಲಿ ಹರಡಿವೆ ಎಂದಿಟ್ಟುಕೊಳ್ಳಿ. ನೂರಕ್ಕೆ 85 ಜಾಗಗಳು ತುಂಬಿದ್ದರೆ, ಸರಾಸರಿ ಏಳನೆಯ ಜಾಗದ ಹೊತ್ತಿಗೆ, ಎಂದರೆ ಸುಮಾರು 40 ಮೀಟರು ಹೋಗುವಷ್ಟರಲ್ಲಿ, ಒಂದು ಖಾಲಿ ಜಾಗ ಸಿಕ್ಕುತ್ತದೆ. ನೂರಕ್ಕೆ 95 ತುಂಬಿದ್ದರೆ 120 ಮೀಟರು ಹೋಗಬೇಕು. 99 ತುಂಬಿದ್ದರೆ 600 ಮೀಟರು! ನಿಂತ ಗಾಡಿಗಳ ಸಂಖ್ಯೆ 85ರಿಂದ 99ಕ್ಕೆ ಏರಿದಾಗ ಹುಡುಕಾಟ ಹದಿನೈದು ಪಟ್ಟಾಯಿತು. ಕಷ್ಟವು ಗಾಡಿಗಳ ಸಂಖ್ಯೆಗೆ ಅನುಪಾತವಾಗಿಲ್ಲ. ಕೊನೆಯ ಕೆಲವು ಗಾಡಿಗಳೇ ಅದರ ಬಹುಪಾಲಿಗೆ ಕಾರಣ. ಆದುದರಿಂದ ಆ ಕೆಲವು ಗಾಡಿಗಳನ್ನು ಬೇರೆ ಹೊತ್ತಿಗೆ ಅಥವಾ ಬೇರೆ ಬೀದಿಗೆ ಕಳುಹಿಸಿದರೂ ಸಾಕು, ಎಲ್ಲರಿಗೂ ಬಿಡುಗಡೆ ದೊರೆಯುತ್ತದೆ.

ಈ ಸುತ್ತಾಟದ ನಷ್ಟ ಅಲ್ಪವೆಂದು ತಿಳಿಯಬಾರದು. ಲಾಸ್ ಏಂಜಲಿಸ್ ನಗರದ ವೆಸ್ಟ್‌ವುಡ್ ಎಂಬ ಸಣ್ಣ ಪೇಟೆಯಲ್ಲಿ ನಗರ ಯೋಜನೆಯ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು ಇದನ್ನು ಅಳೆದು ನೋಡಿದರು. ಒಂದೊಂದು ಗಾಡಿಯೂ ಜಾಗಕ್ಕಾಗಿ ಸರಾಸರಿ 3.3 ನಿಮಿಷ ಮಾತ್ರ ಸುತ್ತುತ್ತಿತ್ತು. ಆದರೆ ಎಲ್ಲ ಗಾಡಿಗಳ ಸುತ್ತಾಟವನ್ನು ಕೂಡಿಸಿದಾಗ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರುಗಳಾದುವು. ಭೂಮಿಯನ್ನು ಸಮಭಾಜಕ ವೃತ್ತದ ಗುಂಟ ಮೂವತ್ತೆಂಟು ಸಲ ಸುತ್ತಿಬಂದಂತೆ! ಅಷ್ಟು ಇಂಧನವೂ ಸುಟ್ಟುಹೋಗಿ, ಯಾರೊಬ್ಬರೂ ಎಲ್ಲಿಗೂ ತಲಪಿದಂತಾಗಲಿಲ್ಲ.

ಜಾಗಕ್ಕೆ ಬೆಲೆ ಕಟ್ಟುವ ಉಪಾಯ ಹೊಸದಲ್ಲ. ಅಮೆರಿಕದ ಓಕ್ಲಹೋಮ ನಗರದಲ್ಲಿ ನೌಕರರು ಬೆಳಿಗ್ಗೆ ನಿಲ್ಲಿಸಿದ ಕಾರುಗಳನ್ನು ಸಂಜೆಯವರೆಗೂ ತೆಗೆಯದೆ, ಅಂಗಡಿಗೆ ಬರುವ ಗಿರಾಕಿಗಳಿಗೆ ಜಾಗವೇ ಇಲ್ಲದಂತಾಗಿತ್ತು. ಪತ್ರಿಕಾ ಸಂಪಾದಕರಾಗಿದ್ದ ಕಾರ್ಲ್ ಮಗೀ ಎಂಬವರ ಪ್ರಯತ್ನದಿಂದ, ನಾಣ್ಯ ಹಾಕಿದರೆ ಕಾಲವನ್ನೆಣಿಸುವ ಮೀಟರನ್ನು 1935ರ ಜುಲೈ 16ರಂದು ಅಲ್ಲಿ ನೆಟ್ಟರು. ಅದರ ದರ ಯಾವಾಗಲೂ ಒಂದೇ ಆಗಿತ್ತು. ಸಾನ್ ಫ್ರಾನ್ಸಿಸ್ಕೋ ನಗರ 2011ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ನೆಲದಲ್ಲಿ ಹುದುಗಿಸಿದ ಸಂವೇದಕಗಳು ಯಾವ ಜಾಗ ತುಂಬಿದೆ, ಯಾವುದು ಖಾಲಿ ಎಂಬುದನ್ನು ತಿಳಿಸುತ್ತಿದ್ದುವು. ಬೀದಿ ತೀರ ತುಂಬಿದ್ದರೆ ಆ ಹೊತ್ತಿನ ದರವನ್ನು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಏರಿಸುವುದು, ಬರಿದಾಗಿದ್ದರೆ ಇಳಿಸುವುದು ಅಲ್ಲಿಯ ನಿಯಮ. ಇದರ ಪರಿಣಾಮ ಗಮನಾರ್ಹವಾದುದು: ಜಾಗ ಹುಡುಕುವ ಕಾಲ ಕಡಿಮೆಯಾಯಿತು, ಸರಾಸರಿ ದರವೂ ಏರುವ ಬದಲು ಸ್ವಲ್ಪ ಇಳಿಯಿತು.

“ಹಾಗಾದರೆ ಹಣವಂತನಿಗೆ ಮಾತ್ರ ಜಾಗ, ಬಡವನ ಗತಿಯೇನು?” ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಅದನ್ನು ತಳ್ಳಿಹಾಕಲಾಗದು. ಆದರೆ ಈಗ ನಡೆಯುತ್ತಿರುವುದೇನು? ಒಂದು ಕಾರಿಗೆ ಬೇಕಾದ ಜಾಗ ಸುಮಾರು 12 ಚದರ ಮೀಟರು, ಎಂದರೆ ಒಂದು ಚಿಕ್ಕ ಕೋಣೆಯಷ್ಟು. ಊರಿನಿಂದ ಓದಲು ಬಂದ ವಿದ್ಯಾರ್ಥಿ ಇಷ್ಟೇ ಅಗಲದ ಕೋಣೆಗೆ ತಿಂಗಳು ತಿಂಗಳೂ ಬಾಡಿಗೆ ತೆರುತ್ತಾನೆ. ಅದೇ ನಗರದ ಎಷ್ಟೋ ಬೀದಿಗಳಲ್ಲಿ ಕಾರು ಬಾಡಿಗೆಯಿಲ್ಲದೆ ನಿದ್ರಿಸುತ್ತದೆ. ಕಾಲುದಾರಿಯ ಮೇಲೆ ಏರಿ ನಿಂತ ಗಾಡಿಯಿಂದಾಗಿ ಮುದುಕರೂ ಮಕ್ಕಳೂ ರಸ್ತೆಗಿಳಿದು ನಡೆಯುತ್ತಾರೆ. ಸುತ್ತುವ ಕಾರುಗಳ ಹಿಂದೆ ಬಸ್ಸು ಸಿಕ್ಕಿಕೊಂಡು, ಅದರಲ್ಲಿ ನಿಂತು ಪಯಣಿಸುವವರ ಹೊತ್ತು ಹಾಳಾಗುತ್ತದೆ. ಬಿಟ್ಟಿ ಎಂಬುದು ಇಲ್ಲಿ ಹೆಸರಿಗೆ ಮಾತ್ರ. ಬೆಲೆಯನ್ನು ಯಾರೋ ತೆರುತ್ತಲೇ ಇದ್ದಾರೆ. ಹಾಗೆ ತೆರುವವರಲ್ಲಿ ಕಾರಿಲ್ಲದವರೇ ಹೆಚ್ಚು.

ಆದುದರಿಂದ ನಮ್ಮ ಸೂಚನೆ ಇಷ್ಟು. ಜನಸಂದಣಿಯ ಬೀದಿಗಳಲ್ಲಿ ಹೊತ್ತಿಗೆ ತಕ್ಕ ದರವಿರಲಿ. ಬೀದಿ ಖಾಲಿಯಿರುವ ಹೊತ್ತಿನಲ್ಲಿ ದರ ತೀರ ಕಡಿಮೆಯಾಗಲಿ. ಅಂಗವಿಕಲರ ಗಾಡಿಗಳಿಗೆ ಬೇರೆಯಾಗಿ ಜಾಗ ಮೀಸಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಂದ ಹಣ ಆ ಬೀದಿಯ ಕಾಲುದಾರಿಗೂ ದೀಪಕ್ಕೂ ಬಸ್ಸಿನ ತಂಗುದಾಣಕ್ಕೂ ವಿನಿಯೋಗವಾಗಲಿ. ಕ್ಯಾಲಿಫೋರ್ನಿಯದ ಪಸಡೀನ ನಗರವು 1993ರಲ್ಲಿ ತನ್ನ ಹಳೆಯ ಪೇಟೆಯಲ್ಲಿ ಮೀಟರುಗಳನ್ನು ನೆಟ್ಟು, ಅವುಗಳ ಹಣವನ್ನು ಅದೇ ಪೇಟೆಗೆ ಖರ್ಚುಮಾಡಿತು. ತಾವು ಕೊಟ್ಟ ಹಣ ಕಣ್ಣೆದುರಿಗೇ ಕೆಲಸವಾಗುವುದನ್ನು ಕಂಡವರು ಕೊಡಲು ಅಷ್ಟಾಗಿ ಹಿಂಜರಿಯುವುದಿಲ್ಲ. ಈ ಷರತ್ತು ನಡೆಯದಿದ್ದರೆ ನಾವೂ ದರವನ್ನು ಸಮರ್ಥಿಸಲಾರೆವು.

ವಿದ್ಯಾರ್ಥಿ ಮಿತ್ರರು ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ನಿಮ್ಮ ಊರಿನ ಪೇಟೆಬೀದಿಯಲ್ಲಿ ಒಂದು ದಿನ ಗಂಟೆಗೊಮ್ಮೆ ತುಂಬಿದ ಮತ್ತು ಖಾಲಿ ಜಾಗಗಳನ್ನು ಎಣಿಸಿ ಬರೆದಿಡಿ. ಒಂದೊಂದು ಗಾಡಿ ಎಷ್ಟು ಹೊತ್ತು ನಿಂತಿತೆಂಬುದನ್ನೂ ಗುರುತಿಸಿ. ಒಂದು ಗಡಿಯಾರ, ಒಂದು ಪೆನ್ಸಿಲು ಇದ್ದರೆ ಸಾಕು. ಜಾಗ ನಿಜವಾಗಿ ಸಾಲದೋ, ಅಥವಾ ಕೆಲವು ಗಾಡಿಗಳು ದಿನವಿಡೀ ಅದನ್ನು ಹಿಡಿದುಕೊಂಡಿವೆಯೋ ಎಂಬುದಕ್ಕೆ ಆ ಪಟ್ಟಿಯೇ ಉತ್ತರ ಹೇಳುತ್ತದೆ.